ಮೆಂತೆ, ಹೆಸರು, ಕಡಲೆ ದಿನಾ ತಿಂದರೂ ಫೋಲಿಕ್ ಆಸಿಡ್ ಗುಳಿಗೆ ಬೇಕಾ?

ಧಾರವಾಡದ ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯನ್ನು ಹಾವೇರಿ ಕಡೆ ಕೊಟ್ಟಿದ್ದೇವೆ. ಒಕ್ಕಲುತನದ ಮನೆ, ಒಳ್ಳೆಯ ಜನ. ಗಂಡ ಹೆಂಡತಿ ಇಬ್ಬರೂ ಈಗ ಮಗು ಬೇಕು ಅಂತ ಯೋಚನೆ ಮಾಡಿದ್ದಾರೆ. ತವರಿಗೆ ಬಂದಾಗ ಇಲ್ಲಿ ಡಾಕ್ಟರಿಗೆ ತೋರಿಸಿದೆವು. ಅವರು, ಈಗಿನಿಂದಲೇ ದಿನಾ ಒಂದು ಫೋಲಿಕ್ ಆಸಿಡ್ ಗುಳಿಗೆ ಶುರು ಮಾಡು ಅಂದರು.

ಅವಳ ಅತ್ತೆಗೆ ಅದು ಸರಿ ಕಾಣಲಿಲ್ಲ. "ಬಸರ ಆಗಿಲ್ಲ, ಏನಿಲ್ಲ, ಈಗ ಯಾಕ ಗುಳಗಿ? ಹೊಲದಾಗ ಮೆಂತೆ ಐತಿ, ಹೆಸರ ಐತಿ, ಕಡ್ಲಿ ಐತಿ. ಅದನ್ನ ತಿನ್ನು" ಅಂತಾರೆ. ಅವರ ಮಾತಿನಲ್ಲೂ ಹುರುಳಿದೆ ಅನ್ನಿಸುತ್ತದೆ. ಈ ಫೋಲಿಕ್ ಆಸಿಡ್ ಅಂದರೆ ಬಿ9 ವಿಟಮಿನ್ನೇ, ಸೊಪ್ಪು ಕಾಳಿನಲ್ಲಿ ಜಾಸ್ತಿ ಇರುತ್ತದೆ ಅಂತ ನಾನೂ ಓದಿದ್ದೇನೆ.

ಹಾಗಾದರೆ ನಮ್ಮ ಊಟದಲ್ಲಿ ನಿಜವಾಗಿ ಎಷ್ಟು ಸಿಗುತ್ತದೆ? ಕುದಿಸಿದರೆ ಉಳಿಯುತ್ತದಾ? ಬಸಿರಾಗುವ ಮೊದಲೇ ಗುಳಿಗೆ ಯಾಕೆ? ಗೊತ್ತಿದ್ದವರು ಬಿಡಿಸಿ ಹೇಳಿ. ಅತ್ತೆಯವರಿಗೆ ಓದಿ ಹೇಳುವ ಹಾಗೆ ಇರಲಿ.

ನಿವೃತ್ತ ಸಿಸ್ಟರ್, ಹಾವೇರಿ:
ತಂಗೀ, ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅವಸರದ್ದು ಅದೇ.

ಹೊಟ್ಟೆಯಲ್ಲಿ ಮಗು ರೂಪ ತಾಳುವಾಗ ಮೊದಮೊದಲಿಗೆ ಆಗುವ ಕೆಲಸಗಳಲ್ಲಿ ಒಂದು, ಮಿದುಳು ಮತ್ತು ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು. ಮೊದಲು ಅದು ಚಪ್ಪಟೆ ಪಟ್ಟಿ. ಅಂಚುಗಳು ಎದ್ದು, ಬಾಗಿ, ಒಂದಕ್ಕೊಂದು ಕೂಡಿ ಕೊಳವೆ ಆಗುತ್ತದೆ. ಗರ್ಭ ಕಟ್ಟಿದ ಮೇಲೆ ಸುಮಾರು 28 ದಿನದೊಳಗೆ ಇದು ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿ, ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ ಅಷ್ಟೇ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಆಗಿನ್ನೂ ಯಾರಿಗೂ ಹೇಳಿರುವುದಿಲ್ಲ. ಕೆಲವರಿಗೆ ಸ್ವತಃ ಗೊತ್ತಿರುವುದಿಲ್ಲ.

ಆ ಕೊಳವೆ ಮೇಲ್ಗಡೆ ಮುಚ್ಚದಿದ್ದರೆ ತಲೆಬುರುಡೆ, ಮಿದುಳು ಬೆಳೆಯುವುದಿಲ್ಲ. ಆ ಮಗು ಉಳಿಯುವುದಿಲ್ಲ. ಕೆಳಗಡೆ ಮುಚ್ಚದಿದ್ದರೆ ಬೆನ್ನಿನ ಮೇಲೆ ಗುಳ್ಳೆಯಂತೆ ಉಬ್ಬಿಕೊಂಡು ನರ ಹೊರಗೆ ಬಂದಿರುತ್ತದೆ. ಕಾಲಲ್ಲಿ ಬಲ ಇರದೇ ಹೋಗಬಹುದು, ಮೂತ್ರದ ಹಿಡಿತ ಇರದೇ ಹೋಗಬಹುದು. ಹೆರಿಗೆ ವಾರ್ಡಿನಲ್ಲಿ ಇಂಥ ಮಕ್ಕಳನ್ನು ಕೈಯಲ್ಲಿ ಎತ್ತಿಕೊಂಡಿದ್ದೇನೆ. ಆ ತಾಯಂದಿರು ಕೇಳುತ್ತಿದ್ದದ್ದು ಒಂದೇ ಮಾತು, "ನಾ ಏನ ತಪ್ಪ ಮಾಡೀನ್ರಿ ಸಿಸ್ಟರ್?" ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಮೊದಲೇ ಯಾರೂ ಹೇಳಿರಲಿಲ್ಲ.

ಫೋಲಿಕ್ ಆಸಿಡ್ ಇದನ್ನು ತಡೆಯುತ್ತದೆ ಅನ್ನುವುದು ಅಂದಾಜಿನ ಮಾತಲ್ಲ. ಹಿಂದೆ ಒಮ್ಮೆ ಇಂಥ ಮಗು ಆಗಿದ್ದ ತಾಯಂದಿರಿಗೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ದೇಶಗಳಲ್ಲಿ ಪರೀಕ್ಷೆ ನಡೆಸಿತು. 1991ರಲ್ಲಿ ಫಲಿತಾಂಶ ಬಂತು. ಗುಳಿಗೆ ತಗೊಂಡವರಲ್ಲಿ ಮತ್ತೆ ಹಾಗಾಗುವುದು 72 ಶೇಕಡಾ ಕಡಿಮೆ ಆಗಿತ್ತು. ಲಾಭ ಅಷ್ಟು ಸ್ಪಷ್ಟ ಇದ್ದದ್ದರಿಂದ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಿದರು. ಮರುವರ್ಷ ಹಂಗೇರಿಯಿಂದ ಬಂದ ವರದಿಯಲ್ಲಿ, ಮೊದಲ ಸಲ ಬಸಿರಾಗುವವರಿಗೂ ಇದು ಕೆಲಸ ಮಾಡುತ್ತದೆ ಅಂತ ಕಂಡಿತು.

ಆದ್ದರಿಂದ ಡಾಕ್ಟರು ಹೇಳಿದ್ದು ಸರಿ. ದಿನಕ್ಕೆ 400 ಮೈಕ್ರೊಗ್ರಾಂ, ಕನಿಷ್ಠ ಒಂದು ತಿಂಗಳು ಮುಂಚಿನಿಂದ. ಬಸಿರು ಅಂತ ಗೊತ್ತಾದ ಮೇಲೆ ಶುರು ಮಾಡಿದರೆ ರಕ್ತಕ್ಕೆ ಒಳ್ಳೆಯದೇ, ಆದರೆ ಆ ಕೊಳವೆಯ ಕೆಲಸ ಅಷ್ಟರಲ್ಲಿ ಮುಗಿದಿರಬಹುದು.

ಗದಗ ಎರಿಹೊಲ:
ಸಿಸ್ಟರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ಅತ್ತೆಯವರ ಮಾತನ್ನು ಹಾಗೇ ತಳ್ಳಿಹಾಕಬೇಡಿ ರೀ.

ನಮ್ಮದು ಎರಿ ಭೂಮಿ. ಮುಂಗಾರು ಚೆನ್ನಾಗಿ ಹಿಡಿದರೆ ಜೂನ್‌ನಲ್ಲಿ ಹೆಸರು ಬಿತ್ತುತ್ತೇವೆ, ಆಗಸ್ಟ್ ಹೊತ್ತಿಗೆ ಕೈಗೆ ಬರುತ್ತದೆ. ಅದನ್ನು ಕಿತ್ತು ಅದೇ ಹೊಲಕ್ಕೆ ಹಿಂಗಾರಿಗೆ ಕಡಲೆ ಇಲ್ಲವೇ ಬಿಳಿಜೋಳ. ಹೆಸರಿನ ಸುಗ್ಗಿಯಲ್ಲಿ ಗದಗದ ಎಪಿಎಂಸಿಗೆ ಹೋಗಿ ನೋಡಿ, ಕಾಲಿಡಲು ಜಾಗ ಇರುವುದಿಲ್ಲ. ಇಷ್ಟು ಬೆಳೆಯುವ ನಾವು ಮನೆಯಲ್ಲಿ ಎಷ್ಟು ತಿನ್ನುತ್ತಿದ್ದೇವೆ ಅನ್ನುವುದು ಬೇರೆ ಪ್ರಶ್ನೆ. ನಮ್ಮ ಅವ್ವನ ಕಾಲದಲ್ಲಿ ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿದರೆ ಒಂದು ಕಾಳು ಪಲ್ಲೆ, ಒಂದು ತಪ್ಪಲ ಪಲ್ಲೆ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ ಇರಲೇಬೇಕು. ಚಳಿಗಾಲದಲ್ಲಿ ಹೊಲದ ಹಕ್ಕರಕಿ ಹಂಗೇ ಕಿತ್ತು ರೊಟ್ಟಿಯ ಜೊತೆ ತಿನ್ನುತ್ತಿದ್ದೆವು. ಈಗ ನಮ್ಮ ಹುಡುಗರಿಗೆ ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆ ಗಿರ್ಮಿಟ್ಟು. ತಪ್ಪಲ ಅಂದರೆ ಮೂಗು ಮುರಿಯುತ್ತಾರೆ.

ಮೊದಲು ಆ ಊಟ ವಾಪಸ್ ಬರಲಿ. ಗುಳಿಗೆ ಬೇಡ ಅನ್ನುತ್ತಿಲ್ಲ. ಗುಳಿಗೆ ಇದೆ ಅಂತ ತಾಟಿನಿಂದ ಪಲ್ಲೆ ಮಾಯ ಆಗಬಾರದು.

ಗೃಹವಿಜ್ಞಾನ ಓದಿದವಳು:
ಅಣ್ಣಾರೆ, ನಿಮ್ಮ ಅವ್ವನ ಬುತ್ತಿಯ ಲೆಕ್ಕವನ್ನೇ ಹಾಕೋಣ. ಇದು ನಾನು ಓದಿದ ವಿಷಯ, ಸ್ವಲ್ಪ ಉದ್ದ ಆದರೆ ತಾಳಿಕೊಳ್ಳಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಬೇಕಾದ ಫೋಲೇಟ್ (ಊಟದಲ್ಲಿ ಸಿಗುವ ಬಿ9ಕ್ಕೆ ಈ ಹೆಸರು, ಗುಳಿಗೆಯಲ್ಲಿರುವುದು ಫೋಲಿಕ್ ಆಸಿಡ್) ಗಂಡಸಿಗೆ 300 ಮೈಕ್ರೊಗ್ರಾಂ, ಹೆಂಗಸಿಗೆ 220. ಬಸುರಿಗೆ 570. ಹಾಲುಣಿಸುವ ತಾಯಿಗೆ 330. ಬಸುರಿಗೆ ಎಷ್ಟು ಏರುತ್ತದೆ ನೋಡಿ. ಮೈಯಲ್ಲಿ ಎಲ್ಲಿ ಹೊಸ ಜೀವಕೋಶ ಹುಟ್ಟುತ್ತದೋ ಅಲ್ಲಿ ಡಿಎನ್‌ಎ ನಕಲು ಆಗಬೇಕು, ಅದಕ್ಕೆ ಫೋಲೇಟ್ ಬೇಕು. ಮಗು ಬೆಳೆಯುವುದೂ ಅದೇ ಕೆಲಸ, ದಿನಾ ಹೊಸ ರಕ್ತ ಹುಟ್ಟುವುದೂ ಅದೇ ಕೆಲಸ.

ಈಗ ಊಟ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ, ಬೇಯಿಸಿದ 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 160 ಮೈಕ್ರೊಗ್ರಾಂ ಇದೆ. ಬೇಯಿಸಿದ ಕಡಲೆಯಲ್ಲಿ 170ರ ಆಸುಪಾಸು, ಅಲಸಂದಿಯಲ್ಲಿ 200ಕ್ಕೆ ಸ್ವಲ್ಪ ಮೇಲೆ, ತೊಗರಿಯಲ್ಲಿ 110. ಹಸಿ ಪಾಲಕದಲ್ಲಿ 194. ಹಸಿ ಶೇಂಗಾದಲ್ಲಿ 240, ಆದರೆ ಶೇಂಗಾವನ್ನು ಯಾರೂ 100 ಗ್ರಾಂ ತಿನ್ನುವುದಿಲ್ಲ, ಹುರಿದರೆ ಕಡಿಮೆಯೂ ಆಗುತ್ತದೆ. ಗಜ್ಜರಿ ಪಕ್ಕದಲ್ಲೇ ಮಾರುವ ಬೀಟ್‌ರೂಟಿನಲ್ಲಿ ಹಸಿಯಾಗಿದ್ದಾಗ 110ರ ಹತ್ತಿರ ಇದೆ, ಅದನ್ನು ಬಹಳ ಜನ ಮರೆಯುತ್ತಾರೆ. ನಮ್ಮ ಪೋಷಣ ಸಂಸ್ಥೆ 2017ರಲ್ಲಿ ತಂದ ಪಟ್ಟಿಯಲ್ಲಿ ಹೆಸರು, ಕಡಲೆಯ ಅಂಕಿಗಳು ಇನ್ನೂ ಕಡಿಮೆ ಇವೆ. ತಳಿ, ಮಣ್ಣು, ಅಳೆಯುವ ರೀತಿ ಎಲ್ಲ ಬೇರೆ. ಅದಕ್ಕೇ ಅಂಕಿಗಳನ್ನು ದಾರಿ ತೋರಿಸುವುದಕ್ಕೆ ಇಟ್ಟುಕೊಳ್ಳಿ, ತೂಕ ಹಾಕುವುದಕ್ಕಲ್ಲ.

ಜೋಳದ ರೊಟ್ಟಿಯಲ್ಲಿ ಫೋಲೇಟ್ ಸ್ವಲ್ಪವೇ. ಬಿಳಿ ಅನ್ನದಲ್ಲಂತೂ ಇಲ್ಲವೇ ಇಲ್ಲ ಅನ್ನುವಷ್ಟು. ನಮಗೆ ಫೋಲೇಟ್ ಬರುವುದು ರೊಟ್ಟಿಯ ಪಕ್ಕದಲ್ಲಿ ಏನು ಬಡಿಸುತ್ತಾರೆ ಅನ್ನುವುದರ ಮೇಲೆ. ಒಂದು ವಾಟಿ ಹೆಸರುಕಾಳಿನ ಪಲ್ಲೆ, ಒಂದು ಹಿಡಿ ಹಸಿ ಮೆಂತೆ, ತೊಗರಿಬೇಳೆ ಹಾಕಿದ ಪಾಲಕ ಪಲ್ಲೆ ಇದ್ದರೆ ಹೆಂಗಸಿನ 220 ಆರಾಮಾಗಿ ತುಂಬುತ್ತದೆ. ಬಸುರಿಯ 570ನ್ನು ಬರೀ ತಾಟಿನಿಂದ ದಿನಾ ತಪ್ಪದೇ ತುಂಬುವುದು ಕಷ್ಟ. ವಾಂತಿ ಶುರುವಾದರೆ ಇನ್ನೂ ಕಷ್ಟ. ಇನ್ನೊಂದು, ಊಟದ ಫೋಲೇಟ್ ಮೈಗೆ ಹತ್ತುವುದು ಅರ್ಧದಷ್ಟು. ಗುಳಿಗೆಯದು ಅದಕ್ಕಿಂತ ಚೆನ್ನಾಗಿ ಹತ್ತುತ್ತದೆ. ಊಟದ ಲೆಕ್ಕಕ್ಕೆ ತಂದರೆ 400 ಮೈಕ್ರೊಗ್ರಾಮಿನ ಗುಳಿಗೆ ಸುಮಾರು 680 ಆಗುತ್ತದೆ.

ಕುದಿಸಿದರೆ ಉಳಿಯುತ್ತದಾ ಅಂತ ಕೇಳಿದ್ದರು. ಫೋಲೇಟಿಗೆ ಮೂರು ವೈರಿ: ನೀರು, ಕಾವು, ಬೆಳಕು. ನೀರಿನಲ್ಲಿ ಕರಗಿ ಹೊರಗೆ ಬರುತ್ತದೆ. ಪಾಲಕವನ್ನು ಜಾಸ್ತಿ ನೀರಲ್ಲಿ ಕುದಿಸಿ ಬಸಿದರೆ ಅರ್ಧದಷ್ಟು ಹೋಗುತ್ತದೆ. ಹಬೆಯಲ್ಲಿ ಬೇಯಿಸಿದರೆ ಹೆಚ್ಚೇನೂ ಹೋಗುವುದಿಲ್ಲ.

ಇಲ್ಲೇ ನಮ್ಮ ಅಡಿಗೆಯ ಜಾಣತನ ಕಾಣುವುದು. ಹೋಳಿಗೆಗೆ ಕಡಲೆಬೇಳೆ ಕುದಿಸುತ್ತೇವಲ್ವಾ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಬೆಂದಾಗ ಬಸಿಯುತ್ತೇವೆ. ಬೇಳೆ ಬೆಲ್ಲದ ಜೊತೆ ಹೂರಣಕ್ಕೆ ಹೋಗುತ್ತದೆ. ಬಸಿದ ಆ ದಪ್ಪ ಹಳದಿ ಕಟ್ಟನ್ನು ಚೆಲ್ಲುವವರು ಯಾರು? ಒಣಕೊಬ್ಬರಿ, ಬಳ್ಳೊಳ್ಳಿ ಮಸಾಲೆ, ಹುಣಸೆಹಣ್ಣು, ಚೂರು ಬೆಲ್ಲ, ಸ್ವಲ್ಪ ಹೂರಣ ಹಾಕಿ ಕಟ್ಟಿನ ಸಾರು. ಬೇಳೆಯಿಂದ ಕರಗಿದ ಫೋಲೇಟಿನಲ್ಲಿ ಕಾವಿಗೆ ಹೋದದ್ದು ಬಿಟ್ಟು ಉಳಿದದ್ದು ಆ ಸಾರಿನಲ್ಲೇ ಇದೆ. ಕಾಳು ನೆನೆಸಿ ಕುದಿಸಿದ ನೀರಿಗೂ ಇದೇ ಮಾತು. ಹಬ್ಬಕ್ಕಷ್ಟೇ ಅಲ್ಲ, ದಿನದ ಅಡಿಗೆಯಲ್ಲೂ ಆ ನೀರು ಸಾರಿಗೆ ಸೇರಲಿ.

ಹಸಿ ಪಚಡಿಯಂತೂ ಹೇಳಲೇಬೇಕು. ಮೆಂತೆ ಎಲೆ ಬಿಡಿಸಿ, ತೊಳೆದು, ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಸೌತೆಕಾಯಿ, ಶೇಂಗಾ ಪುಡಿ, ಒಂದೆರಡು ಹನಿ ಎಣ್ಣೆ, ಲಿಂಬೆಹುಳಿ. ಒಲೆಗೆ ಇಡುವುದೇ ಇಲ್ಲ, ಹಾಗಾಗಿ ಕಾವಿನ ನಷ್ಟವೂ ಇಲ್ಲ. ಉಣ್ಣುವ ಹೊತ್ತಿಗೆ ಹೆಚ್ಚಿ, ಮುಂಜಾನೆಯೇ ಹೆಚ್ಚಿ ಇಡಬೇಡಿ.

ನರಗುಂದದ ಸೊಸೆ:
ಅಕ್ಕಾರೆ, ನಮ್ಮ ಮನೆಯಲ್ಲಿ ಚಳಿಗಾಲದಲ್ಲಿ ಕಡಲೆ ಕುಡಿ ಚಿವುಟಿ ಒಣಗಿಸಿ ಇಡುತ್ತೇವೆ. ವರ್ಷವಿಡೀ ಹುಳಿ ಹುಳಿ ಪಲ್ಲೆ ಆಗುತ್ತದೆ. ಅದರಲ್ಲಿ ಫೋಲೇಟ್ ಇರುತ್ತದಾ? ಮತ್ತೆ ಮಡಿಕೆ ಕಾಳು ಮೊಳಕೆ ಕಟ್ಟಿ ಉಸಳಿ ಮಾಡುತ್ತೇವೆ, ಅದು ಹೇಗೆ?

ಗೃಹವಿಜ್ಞಾನ ಓದಿದವಳು:
ಒಣಗಿಸಿದ್ದರಲ್ಲಿ ಬಹಳಷ್ಟು ಹೋಗಿರುತ್ತದೆ ತಂಗೀ, ಅದರಲ್ಲೂ ಬಿಸಿಲಿನಲ್ಲಿ ಒಣಗಿಸಿದ್ದರೆ. ನೆರಳಿನಲ್ಲಿ ಒಣಗಿಸಿ. ಆ ಪಲ್ಲೆಯಲ್ಲಿ ನಾರು ಇದೆ, ಸುಣ್ಣದಂಶ ಇದೆ, ರುಚಿ ಇದೆ. ಫೋಲೇಟಿಗಾಗಿ ಮಾತ್ರ ಕುಡಿ ಹಸಿ ಇದ್ದಾಗಲೇ ತಿನ್ನಿ. ಕೀಟನಾಶಕ ಹೊಡೆದ ಹೊಲದ ಕುಡಿ ಬೇಡ, ಇದನ್ನು ಒತ್ತಿ ಹೇಳುತ್ತೇನೆ.

ಮೊಳಕೆ ಬಹಳ ಒಳ್ಳೆಯದು. ಕಾಳು ಮೊಳೆಯುವಾಗ ಅದರೊಳಗೇ ಹೊಸ ಫೋಲೇಟ್ ತಯಾರಾಗುತ್ತದೆ. ಉಸಳಿಯನ್ನು ಮುಚ್ಚಳ ಮುಚ್ಚಿ, ಕಡಿಮೆ ನೀರಲ್ಲಿ, ಕಾಳು ಮೆತ್ತಗಾಗುವಷ್ಟೇ ಬೇಯಿಸಿ.

ವಿದ್ಯಾನಗರ ವಾಕರ್:
ಹಸಿ ಸೊಪ್ಪಿನ ಬಗ್ಗೆ ನನ್ನದೊಂದು ತಕರಾರು ಇದೆ. ಹುಬ್ಬಳ್ಳಿ ಹೊರವಲಯದಲ್ಲಿ ನಾಲಾ ನೀರಿನಿಂದ ತರಕಾರಿ ಬೆಳೆಯುವುದು ಹೊಸ ವಿಷಯ ಅಲ್ಲ. ದುರ್ಗದಬೈಲು ಮಾರ್ಕೆಟ್ಟಿನಲ್ಲಿ ಸಿವುಡು ಹಿಡಿದು ಕೇಳಿದರೆ ಯಾವ ಹೊಲದ್ದು ಅಂತ ಯಾರು ಹೇಳುತ್ತಾರೆ? ಬಸುರಿ ಹುಡುಗಿಗೆ ಹಸಿ ಮೆಂತೆ ತಿನ್ನು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ವಿಟಮಿನ್ ಸ್ವಲ್ಪ ಹೋದರೆ ಹೋಗಲಿ, ಬೇಯಿಸಿಯೇ ತಿನ್ನಲಿ.

ನಿವೃತ್ತ ಸಿಸ್ಟರ್, ಹಾವೇರಿ:
ಅಣ್ಣಾರು ಹೇಳಿದ್ದು ಸರಿ. ಜಂತುಹುಳದ ಮೊಟ್ಟೆ, ಭೇದಿಯ ಕ್ರಿಮಿ ಎಲ್ಲ ಸೊಪ್ಪಿನ ಮಣ್ಣಿನ ಜೊತೆ ಬರುತ್ತವೆ. ಜಂತು ಆದರೆ ರಕ್ತ ಇನ್ನೂ ಕಡಿಮೆ ಆಗುತ್ತದೆ, ಆಗ ತಿಂದ ಸೊಪ್ಪಿನ ಲಾಭ ಎಲ್ಲಿ ಉಳಿಯಿತು?

ಮನೆಯ ಹಿತ್ತಲದ್ದು, ಬಾವಿ ನೀರಿನದು, ಗೊತ್ತಿದ್ದ ಹೊಲದ್ದು ಇದ್ದರೆ ಹಸಿ ತಿನ್ನಲಿ. ಬೇರು ಕತ್ತರಿಸಿ, ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ನಾಕಾರು ಸಲ ತೊಳೆಯಬೇಕು. ಪಾತ್ರೆಯ ತಳದಲ್ಲಿ ಮಣ್ಣು ಕೂಡುವುದು ನಿಲ್ಲುವ ತನಕ. ಹೆಚ್ಚಿದ ಮೇಲೆ ತೊಳೆಯಬೇಡಿ, ಮೊದಲೇ ತೊಳೆಯಿರಿ. ಪೇಟೆಯ ಸೊಪ್ಪು ಆದರೆ ಬಸುರಿಗೆ ಬೇಯಿಸಿದ್ದೇ ಇರಲಿ. ಹೆಸರುಬೇಳೆ ಹಾಕಿ ನೀರು ಬಸಿಯದೇ ಪಲ್ಲೆ ಮಾಡಿದರೆ ಸಾಕಷ್ಟು ಉಳಿಯುತ್ತದೆ.

ಲ್ಯಾಬ್ ಕೆಲಸ, ಹುಬ್ಬಳ್ಳಿ:
ಇಲ್ಲಿಯವರೆಗೆ ಯಾರೂ ಬಿ12 ಹೆಸರು ಎತ್ತಿಲ್ಲ. ನಮ್ಮ ಊರಿನಲ್ಲಿ ಅದನ್ನು ಬಿಟ್ಟು ಬಿ9 ಮಾತಾಡುವ ಹಾಗಿಲ್ಲ. ಶಾಕಾಹಾರಿಗಳು ಎಷ್ಟು ಜಾಸ್ತಿ ಇದ್ದೇವೆ ನೋಡಿ.

ಫೋಲೇಟ್ ಕಡಿಮೆ ಆದರೂ, ಬಿ12 ಕಡಿಮೆ ಆದರೂ ರಕ್ತದಲ್ಲಿ ಕಾಣುವುದು ಒಂದೇ ಚಿತ್ರ. ಕೆಂಪು ಕಣ ಒಡೆದು ಎರಡಾಗಬೇಕಾದ ಹೊತ್ತಿಗೆ ಆಗುವುದಿಲ್ಲ, ಹಾಗೇ ಊದಿಕೊಂಡು ದೊಡ್ಡದಾಗುತ್ತದೆ. ರಿಪೋರ್ಟಿನಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತದೆ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ, ಅದು 100 ದಾಟುತ್ತದೆ. ಗಾಜಿನ ಮೇಲೆ ರಕ್ತ ಸವರಿ ಬಣ್ಣ ಹಾಕಿ ನೋಡಿದರೆ ದೊಡ್ಡ ದೊಡ್ಡ ಮೊಟ್ಟೆಯಾಕಾರದ ಕಣಗಳು, ಬಿಳಿಕಣದ ಕೇಂದ್ರ ಐದಾರು ತುಂಡಾಗಿ ಕಾಣುತ್ತದೆ. ಕಬ್ಬಿಣದಂಶ ಕಡಿಮೆ ಆದಾಗ ಇದಕ್ಕೆ ಉಲ್ಟಾ, ಕಣ ಸಣ್ಣದಾಗುತ್ತದೆ. ಎರಡೂ ಕೂಡಿ ಕಡಿಮೆ ಇದ್ದರೆ ಎಂಸಿವಿ ನಾರ್ಮಲ್ ಅಂತಲೇ ಬರಬಹುದು. ಅದಕ್ಕೆ ಬರೀ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸುಮ್ನೆ ಕೂರಬಾರದು.

ಅಪಾಯ ಎಲ್ಲಿದೆ ಅಂದರೆ, ಬಿ12 ಕಡಿಮೆ ಇದ್ದವರು ಬರೀ ಫೋಲಿಕ್ ಆಸಿಡ್ ಜಾಸ್ತಿ ತಗೊಂಡರೆ ರಕ್ತ ಸುಧಾರಿಸುತ್ತದೆ. ರಿಪೋರ್ಟು ಚೆನ್ನಾಗಿ ಬರುತ್ತದೆ. ಒಳಗೆ ನರ ಹಾಳಾಗುವುದು ಮಾತ್ರ ನಿಲ್ಲುವುದಿಲ್ಲ. ಅಂಗಾಲು ಜುಮುಜುಮು ಅನ್ನುವುದು, ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗದಿರುವುದು, ಮರೆವು, ಕತ್ತಲಲ್ಲಿ ನಡೆಯುವಾಗ ಜೋಲಿ ಹೊಡೆಯುವುದು. ತಡಮಾಡಿದರೆ ಪೂರ್ತಿ ವಾಪಸ್ ಬರುವುದಿಲ್ಲ.

ಫೋಲೇಟ್ ಗಿಡದಿಂದ ಸಿಗುತ್ತದೆ. ಬಿ12 ಗಿಡದಿಂದ ಸಿಗುವುದಿಲ್ಲ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು, ನಮಗೆ ಬರುವುದು ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಿಂದ. ಸ್ಪಿರುಲಿನಾ ಪುಡಿಯಲ್ಲಿ ಬಿ12 ಇದೆ ಅಂತ ಮಾರುತ್ತಾರಲ್ಲ, ಅದರಲ್ಲಿರುವುದು ಬಹುಪಾಲು ನಮ್ಮ ಮೈಗೆ ಕೆಲಸಕ್ಕೆ ಬಾರದ ನಕಲಿ ರೂಪ.

ಧಾರವಾಡದ ಅಕ್ಕಾರೆ, ನಿಮ್ಮ ತಂಗಿ ಶಾಕಾಹಾರಿ ಆಗಿದ್ದರೆ ಗುಳಿಗೆ ನಿಲ್ಲಿಸಬೇಡಿ. ಅದರ ಜೊತೆ ಬಿ12 ಕೂಡ ಒಮ್ಮೆ ಟೆಸ್ಟ್ ಮಾಡಿಸಿ ಅಂತ ಡಾಕ್ಟರನ್ನು ಕೇಳಿ. ಮಗುವಿನ ಮಿದುಳಿಗೆ ಅದೂ ಬೇಕು.

ವಿದ್ಯಾನಗರ ವಾಕರ್:
ನನಗೆ ಆದದ್ದೇ ಇದು. ಕಾಲು ಜುಮು ಹಿಡಿದಾಗ ಸಕ್ಕರೆ ಕಾಯಿಲೆ ಇರಬೇಕು ಅಂದುಕೊಂಡೆವು, ಸಕ್ಕರೆ ಇರಲಿಲ್ಲ. ಬಿ12 ನೋಡಿದರೆ ತಳ ಕಂಡಿತ್ತು. ಇಂಜೆಕ್ಷನ್ ಆದ ಮೇಲೆ ಬಹಳ ಹಗುರ ಆಗಿದೆ. ಸೊಪ್ಪು ಕಾಳು ನಮ್ಮ ಮನೆಯಲ್ಲಿ ಯಾವತ್ತೂ ಕಡಿಮೆ ಇರಲಿಲ್ಲ. ಒಂದು ವಿಟಮಿನ್ ಭರ್ತಿ ಇದ್ದರೆ ಇನ್ನೊಂದೂ ಇರುತ್ತದೆ ಅಂತ ತಿಳಿಯಬೇಡಿ.

ಹಳೇ ಪುಸ್ತಕದ ಹುಳ:
ಇದನ್ನು ಕಂಡುಹಿಡಿದ ಕಥೆಯಲ್ಲಿ ನಮ್ಮ ದೇಶದ ಪಾಲು ಎಷ್ಟಿದೆ ಅಂತ ಹೇಳದೇ ಇರಲಾರೆ.

1928ರಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಅಲ್ಲಿಯ ಬಡ ಬಸುರಿಯರಲ್ಲಿ, ಬಟ್ಟೆ ಗಿರಣಿಯ ಕೆಲಸದ ಹೆಂಗಸರಲ್ಲಿ, ಭಾರೀ ರಕ್ತಹೀನತೆ ಇತ್ತು. ಬಹಳ ಜನ ಅದರಿಂದ ಸಾಯುತ್ತಿದ್ದರು. ಆಕೆ ರೋಗಾಣು ಹುಡುಕುತ್ತಲೇ ಅವರ ಊಟವನ್ನೂ ನೋಡಿದರು. ಅದೇ ಬಡ ಊಟವನ್ನು ಇಲಿ, ಮಂಗಗಳಿಗೆ ಕೊಟ್ಟು ನೋಡಿದರು. ಕೊನೆಗೆ ಮಾರ್ಮೈಟ್ ಅನ್ನುವ ಅಗ್ಗದ ಈಸ್ಟ್ ಸಾರ ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅದರೊಳಗಿನ ವಸ್ತು ಯಾವುದು ಅಂತ ಆಗ ಗೊತ್ತಿರಲಿಲ್ಲ, ವಿಲ್ಸ್ ಫ್ಯಾಕ್ಟರ್ ಅಂತಲೇ ಕರೆದರು. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ ಪಾಲಕ ಸೊಪ್ಪಿನಿಂದ ಫೋಲಿಕ್ ಆಸಿಡ್ಡನ್ನು ಬೇರ್ಪಡಿಸಿದರು. ನಾಲ್ಕು ಟನ್! ಒಂದು ಲಾರಿ ತುಂಬ ಸೊಪ್ಪು.

ಆಮೇಲೆ ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಕಂಡ ಲೆಡರ್ಲೆ ಪ್ರಯೋಗಾಲಯದ ತಂಡದ ಮುಖ್ಯಸ್ಥರು ಯಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮಾವರಂನವರು. ಅವರ ತಂಡವೇ ಫೋಲಿಕ್ ಆಸಿಡ್ಡಿಗೆ ಎದುರಾಗಿ ಕೆಲಸ ಮಾಡುವ ಔಷಧಗಳನ್ನೂ ಕೊಟ್ಟಿತು. ಕ್ಯಾನ್ಸರ್ ಕಣಕ್ಕೂ ಬೆಳೆಯಲು ಫೋಲೇಟ್ ಬೇಕಲ್ವಾ, ಅದನ್ನು ಸಿಗದಂತೆ ಮಾಡುವುದು. ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಬೋಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಕೊಟ್ಟ ಮೊದಲ ಔಷಧ ಅಲ್ಲಿಂದಲೇ ಬಂದದ್ದು. ಮೆಥೊಟ್ರೆಕ್ಸೇಟ್ ಕೂಡ ಅದೇ ಬಳಗದ್ದು.

ಔಷಧಿ ಅಂಗಡಿ, ರಾಣೇಬೆನ್ನೂರು:
ಮೆಥೊಟ್ರೆಕ್ಸೇಟ್ ಹೆಸರು ಬಂತು, ಹಾಗಾಗಿ ನಾನೂ ಬರೆಯುತ್ತೇನೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಅದನ್ನು ತಗೊಳ್ಳುವವರಿಗೆ ಡಾಕ್ಟರು ಬೇರೆ ದಿನ ಫೋಲಿಕ್ ಆಸಿಡ್ ಬರೆಯುತ್ತಾರೆ. ಬಾಯಿ ಹುಣ್ಣು, ವಾಕರಿಕೆ ಕಡಿಮೆ ಆಗಲಿ ಅಂತ. ಎರಡೂ ಹಳದಿ ಗುಳಿಗೆ ಆಗಿರುವುದುಂಟು. ಅದಲು ಬದಲು ಮಾಡಿ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಚೀಟಿಯಲ್ಲಿ ವಾರದ ಹೆಸರು ಬರೆಸಿಕೊಳ್ಳಿ. ಬಸಿರಾಗಬೇಕು ಅನ್ನುವವರು ಮೆಥೊಟ್ರೆಕ್ಸೇಟ್ ತಗೊಳ್ಳಲೇಬಾರದು, ತಿಂಗಳುಗಳ ಮುಂಚೆಯೇ ಡಾಕ್ಟರಿಗೆ ಹೇಳಬೇಕು.

ಧಾರವಾಡದ ಅಕ್ಕಾರು ಗಮನಿಸಬೇಕಾದ ಇನ್ನೊಂದು ವಿಷಯ. ಅಂಗಡಿಗೆ ಬಂದು ಸುಮ್ನೆ ಫೋಲಿಕ್ ಆಸಿಡ್ ಕೊಡಿ ಅಂದರೆ 5 ಮಿಲಿಗ್ರಾಮಿನ ಗುಳಿಗೆ ಕೈಗೆ ಬರುವುದೇ ಜಾಸ್ತಿ. 400 ಮೈಕ್ರೊಗ್ರಾಂ ಅಂದರೆ 0.4 ಮಿಲಿಗ್ರಾಂ. 5 ಮಿಲಿಗ್ರಾಂ ಅದರ ಹನ್ನೆರಡೂವರೆ ಪಟ್ಟು. ಹಿಂದೆ ಅಂಥ ಮಗು ಆಗಿದ್ದವರಿಗೆ, ಫಿಟ್ಸ್ ಗುಳಿಗೆ ತಗೊಳ್ಳುವವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಡಾಕ್ಟರು ದೊಡ್ಡ ಪ್ರಮಾಣವನ್ನೇ ಬರೆಯುತ್ತಾರೆ, ಅದಕ್ಕೆ ಕಾರಣ ಇದೆ. ಉಳಿದವರಿಗೆ 400 ಸಾಕು. ಚೀಟಿಯಲ್ಲಿ ಎಷ್ಟು ಬರೆದಿದೆ, ಪಟ್ಟಿಯ ಹಿಂದೆ ಎಷ್ಟಿದೆ ಅಂತ ಎರಡನ್ನೂ ಪಕ್ಕದಲ್ಲಿ ಹಿಡಿದು ನೋಡಿ. ಗೊತ್ತಾಗದಿದ್ದರೆ ಕೌಂಟರಿನಲ್ಲೇ ಕೇಳಿ, ನಮಗೆ ಬೇಜಾರಿಲ್ಲ.

ಫಿಟ್ಸ್ ಇರುವ ಹೆಣ್ಣುಮಕ್ಕಳಿಗೆ ಒಂದು ಮಾತು. ವಾಲ್‌ಪ್ರೊಯೇಟ್ ಗುಳಿಗೆಯಿಂದ ಮಗುವಿನ ಬೆನ್ನುಹುರಿಗೆ ತೊಂದರೆ ಆಗುವ ಸಾಧ್ಯತೆ ಏರುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ, ಫಿಟ್ಸ್ ಬಂದರೆ ಅದೂ ಅಪಾಯ. ಮದುವೆ ಗೊತ್ತಾದಾಗಲೇ ಡಾಕ್ಟರಿಗೆ ಹೇಳಿ, ಅವರು ಗುಳಿಗೆ ಬದಲಿಸುವ ಬಗ್ಗೆ ನೋಡುತ್ತಾರೆ. ಈ ಕಾಯಿಲೆಯನ್ನು ಅತ್ತೆ ಮನೆಯಲ್ಲಿ ಮುಚ್ಚಿಡುವುದರಿಂದ ಎಷ್ಟು ಹುಡುಗಿಯರು ಕಷ್ಟ ಪಡುತ್ತಾರೆ ಅಂತ ಕೌಂಟರಿನ ಈ ಕಡೆ ನಿಂತವರಿಗೆ ಗೊತ್ತು.

ಶಿರಹಟ್ಟಿ ಹುಡುಗ:
ನಮ್ಮಲ್ಲಿ ಆಡು ಸಾಕಿದ್ದೇವೆ. ಅಣ್ಣನ ಕೂಸಿಗೆ ತಾಯಿ ಹಾಲು ಸಾಲುವುದಿಲ್ಲ, ಆಡಿನ ಹಾಲು ಹಗುರ ಅಂತ ಅದನ್ನೇ ಕೊಡುತ್ತಿದ್ದಾರೆ. ಅದರಲ್ಲಿ ಇದೆಲ್ಲ ಇರುತ್ತದಾ?

ನಿವೃತ್ತ ಸಿಸ್ಟರ್, ಹಾವೇರಿ:
ತಮ್ಮಾ, ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಆಡಿನ ಹಾಲಿನಲ್ಲಿ ಫೋಲೇಟ್ ತೀರಾ ಕಡಿಮೆ. ಆಕಳ ಹಾಲಿಗಿಂತಲೂ ಬಹಳ ಕಡಿಮೆ. ಬರೀ ಆಡಿನ ಹಾಲಿನ ಮೇಲೆ ಬೆಳೆದ ಕೂಸಿಗೆ ಆ ದೊಡ್ಡ ಕಣದ ರಕ್ತಹೀನತೆ ಬರುತ್ತದೆ. ಹಿಂದಿನಿಂದಲೂ ವೈದ್ಯರಿಗೆ ಗೊತ್ತಿರುವ ಸಂಗತಿ ಇದು. ವರ್ಷದೊಳಗಿನ ಕೂಸಿಗೆ ಆಡಿನದಾಗಲಿ ಆಕಳದಾಗಲಿ ಎದೆಹಾಲಿನ ಬದಲಿಗೆ ಬೇಡ. ಕೂಸು ಬಿಳಿಚಿಕೊಂಡಿದ್ದರೆ, ಸುಸ್ತಾಗಿ ಹಾಲು ಬಿಡುತ್ತಿದ್ದರೆ ನಾಳೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ. ತಾಯಿಗೆ ಹಾಲು ಹೆಚ್ಚಿಸುವ ಬಗ್ಗೆ ಆಶಾ ಅಕ್ಕನ ಹತ್ತಿರ ಮಾತಾಡಿ. ಆರು ತಿಂಗಳು ತುಂಬಿದ್ದರೆ ಹೆಸರುಬೇಳೆ ಗಂಜಿ, ನುಣ್ಣಗೆ ಮಾಡಿದ ಪಾಲಕ ಶುರು ಮಾಡಲಿ.

ಧಾರವಾಡದ ಅಕ್ಕ:
ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ತಂಗಿಯ ಗುಳಿಗೆ ಪಟ್ಟಿಯ ಫೋಟೋ ತರಿಸಿ ನೋಡಿದೆ, 400 ಮೈಕ್ರೊಗ್ರಾಮಿನದೇ ಇದೆ. ಬಿ12 ಟೆಸ್ಟ್ ಬಗ್ಗೆ ಮುಂದಿನ ಸಲ ಕೇಳುತ್ತೇವೆ.

ಇನ್ನೆರಡು ಪ್ರಶ್ನೆ. ರೇಷನ್ ಅಕ್ಕಿಯಲ್ಲಿ ಫೋಲಿಕ್ ಆಸಿಡ್ ಹಾಕಿರುತ್ತಾರೆ ಅಂತಾರಲ್ಲ, ಅದನ್ನು ತಿಂದರೆ ಗುಳಿಗೆ ಜಾಸ್ತಿ ಆಗುವುದಿಲ್ಲವೇ? ಮತ್ತೆ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಗುಳಿಗೆ ಇದೇನಾ?

ಗೃಹವಿಜ್ಞಾನ ಓದಿದವಳು:
ಅಕ್ಕಿಯದು ನಾನು ಹೇಳುತ್ತೇನೆ. ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಮೂರೂ ಇರುತ್ತವೆ. ಅಕ್ಕಿ ಹಿಟ್ಟಿಗೆ ಇವನ್ನು ಬೆರೆಸಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿ, 100 ಕಿಲೋಗೆ 1 ಕಿಲೋ ಲೆಕ್ಕದಲ್ಲಿ ಸೇರಿಸುತ್ತಾರೆ. ಆ ಕಾಳು ಸ್ವಲ್ಪ ಬೇರೆ ಬಣ್ಣ ಇರುತ್ತದೆ, ಕೆಲವೊಮ್ಮೆ ನೀರಲ್ಲಿ ತೇಲುತ್ತದೆ. ಅದನ್ನೇ ಪ್ಲಾಸ್ಟಿಕ್ ಅಕ್ಕಿ ಅಂತ ಮೊರದಲ್ಲಿ ಆರಿಸಿ ಚೆಲ್ಲಿದವರು ನಮ್ಮ ಓಣಿಯಲ್ಲೇ ಇದ್ದಾರೆ. ದಯವಿಟ್ಟು ಚೆಲ್ಲಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಒಂದು ಕಿಲೋ ಅಕ್ಕಿಯಲ್ಲಿ 75ರಿಂದ 125 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇರಬೇಕು. ದಿನಕ್ಕೆ ಯಾರೂ ಒಂದು ಕಿಲೋ ಉಣ್ಣುವುದಿಲ್ಲ. ಹಾಗಾಗಿ ಗುಳಿಗೆಯ ಜೊತೆ ಸೇರಿದರೂ ಜಾಸ್ತಿ ಆಗುವ ಭಯ ಇಲ್ಲ. ಗುಳಿಗೆಯ ಬದಲಿಗೆ ಅಕ್ಕಿ ಸಾಕು ಅನ್ನುವಷ್ಟೂ ಇಲ್ಲ.

ನಿವೃತ್ತ ಸಿಸ್ಟರ್, ಹಾವೇರಿ:
ಕೆಂಪು ಗುಳಿಗೆ ಬೇರೆ ತಂಗೀ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಬಸುರಿಗೆ ಅದು ನಾಲ್ಕನೇ ತಿಂಗಳಿಂದ ದಿನಾ ಒಂದು, 180 ದಿನ. ಹೆರಿಗೆ ಆದ ಮೇಲೆ ಮತ್ತೆ 180 ದಿನ. ಶಾಲೆಯ ದೊಡ್ಡ ಹುಡುಗಿಯರಿಗೆ, ಹುಡುಗರಿಗೆ ವಾರಕ್ಕೊಮ್ಮೆ ಕೊಡುವುದು ನೀಲಿ ಗುಳಿಗೆ, ಅಳತೆ ಅದೇ.

ನಿಮ್ಮ ತಂಗಿ ಈಗಿನದನ್ನು ಬಸಿರಾಗಿ ಮೂರು ತಿಂಗಳು ತುಂಬುವ ತನಕ ಬಿಡದೇ ತಗೊಳ್ಳಲಿ. ನಾಲ್ಕರಲ್ಲಿ ಕೆಂಪು ಗುಳಿಗೆ ಶುರು. ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾಗುತ್ತದೆ, ಹೆದರಬಾರದು. ಚಹಾದ ಜೊತೆ ನುಂಗಬಾರದು, ಲಿಂಬೆ ಶರಬತ್ತಿನ ಜೊತೆ ಒಳ್ಳೆಯದು. ಕ್ಯಾಲ್ಸಿಯಂ ಗುಳಿಗೆ ಕೊಟ್ಟರೆ ಅದು ಬೇರೆ ಹೊತ್ತಿಗೆ.

ಅತ್ತೆಯವರಿಗೂ ಒಂದು ಮಾತು ಹೇಳಿ. ಹೊಲದ ಮೆಂತೆ, ಹೆಸರು, ಕಡಲೆ ಕುಡಿ ಎಲ್ಲ ಸೊಸೆಗೆ ಕೊಡಲಿ, ಅವರೂ ಉಣ್ಣಲಿ. ವಯಸ್ಸಾದವರಿಗೆ ಹೊಟ್ಟೆಯಲ್ಲಿ ಬಿ12 ಹೀರುವುದು ಕಡಿಮೆ ಆಗಿರುತ್ತದೆ. ಸೊಸೆಯ ಜೊತೆ ಹೋದಾಗ ತಮ್ಮದನ್ನೂ ಟೆಸ್ಟ್ ಮಾಡಿಸಿಕೊಂಡು ಬರಲಿ.